ಜಾಹೀರಲ್ಲದ ಜಾಹೀರಾತು

ಸತ್ ಮತ್ತು ಜನ ಸೇರಿದರೆ ಸಜ್ಜನ. ಜಗತ್ ಮತ್ತು ಜ್ಯೋತಿ ಸೇರಿದರೆ ಜಗಜ್ಜ್ಯೋತಿ. ಹೈಸ್ಕೂಲಿನಲ್ಲಿ ಶ್ಚುತ್ವ ಸಂಧಿಗೆ ಉದಾಹರಣೆ ಎಂದು ಉರು ಹೊಡೆದದ್ದು ಇವನ್ನೇ. ಅದೇ ಸಂಧಿಯಿಂದ ಜಗತ್ ಮತ್ತು ಜಾಹೀರು ಕೂಡಿ ಜಗಜ್ಜಾಹೀರು ಆಗಿದೆ. ಮೇಷ್ಟ್ರು ಇದನ್ನು ಮಾತ್ರ ಹಲಗೆಯ ಮೇಲೆ ಬರೆಯುವುದಿಲ್ಲ. ಮೊದಲ ಪದ ಸಂಸ್ಕೃತ, ಎರಡನೆಯದು ಅರಬ್ಬಿ. ಸಂಸ್ಕೃತಕ್ಕೆ ಕನ್ನಡ ಪದ ಜೋಡಿಸಿದರೇ ಅರಿಸಮಾಸ ಎಂದು ಹುಬ್ಬುಗಂಟಿಕ್ಕಿದ ವೈಯಾಕರಣರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ! ಆಡುವ ಜನಕ್ಕೆ ಅದರ ಗೊಡವೆಯಿಲ್ಲ. ‘ಅವರಿಬ್ಬರ ಜಗಳ ಜಗಜ್ಜಾಹೀರು’ ಎಂದರೆ, ಮುಚ್ಚಿಡಲು ಇನ್ನೇನೂ ಉಳಿದಿಲ್ಲ ಎಂದೇ ಅರ್ಥ.

ಜಾಹೀರಾತು ಹುಟ್ಟಿದ್ದು ಈ ಜಾಹೀರಿನಿಂದ. ಇನ್‌ಸ್ಟಾಗ್ರಾಮಿನಲ್ಲಿ ಸೀರೆ, ಉಪ್ಪಿನಕಾಯಿ, ಟ್ಯೂಷನ್ ಮಾರಲು ಹೊರಟಿರುವ ಹೊಸಬರ ಬಾಯಲ್ಲಿ ಈ ಪದ ಹೆಚ್ಚಾಗಿ ಕೇಳುವುದಿಲ್ಲ. ಅವರದೇನಿದ್ದರೂ ‘ಆ್ಯಡ್ ರನ್ ಮಾಡೋದು’, ‘ಬೂಸ್ಟ್ ಮಾಡೋದು’, ‘ಲೀಡ್ ಬರೋದು’. ಪದ ಬಿಟ್ಟುಹೋದದ್ದಕ್ಕೆ ನನ್ನ ತಕರಾರಿಲ್ಲ. ಪದದೊಳಗಿದ್ದ ಒಂದು ಕರಾರೂ ಅದರ ಜೊತೆಗೇ ಸದ್ದಿಲ್ಲದೆ ಬಿಟ್ಟುಹೋಗಿದೆ. ದುಡ್ಡು ಹಾಕುವವರು ಅದನ್ನು ತಿಳಿದಿರುವುದು ಒಳ್ಳೆಯದು.

ಅರಬ್ಬಿಯಲ್ಲಿ ‘ಝಾಹಿರ್’ ಎಂದರೆ ಕಣ್ಣಿಗೆ ಕಾಣುವುದು, ಹೊರಗಿರುವುದು, ಸ್ಪಷ್ಟವಾದದ್ದು. ಅದರ ಮೊದಲ ಅಕ್ಷರವನ್ನು ಅರಬರು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಚಾಚಿ, ಬುಡವನ್ನು ಮೇಲೆತ್ತಿ ಹೊರಡಿಸುತ್ತಾರೆ. ಅಷ್ಟು ಕಷ್ಟ ಪಾರಸಿಗಳಿಗೆ ಬೇಡವಾಗಿ ಅದು ಬರಿಯ ಝಕಾರವಾಯಿತು. ನಮ್ಮಲ್ಲಿಗೆ ಬರುವ ಹೊತ್ತಿಗೆ ಜಕಾರ. ಇದೇ ಧಾತುವಿನಿಂದ ಮಧ್ಯಾಹ್ನದ ನಮಾಜಿಗೆ ‘ಝುಹರ್’ ಎಂಬ ಹೆಸರು ಬಂದಿದೆ: ಸೂರ್ಯ ಎಲ್ಲರ ಕಣ್ಣಿಗೂ ಬೀಳುವ ಹೊತ್ತು. ಬೆನ್ನಿಗೂ ಇದೇ ಧಾತು, ಆದ್ದರಿಂದ ಬೆನ್ನಿಗೆ ನಿಲ್ಲುವವನು ‘ಝಹೀರ್’. ಎಡಗೈ ವೇಗಿ ಜಹೀರ್ ಖಾನ್ ಹೆಸರಿನ ಅರ್ಥ ಬೆಂಬಲಿಗ ಎಂದು. ಜಾಹೀರಾತಿಗೆ ಅವರು ದೂರದ ದಾಯಾದಿ.

ಝಾಹಿರ್‌ಗೆ ಒಂದು ಜೋಡಿ ಪದವಿದೆ: ಬಾತಿನ್, ಅಂದರೆ ಒಳಗಿನದು, ಮರೆಯಲ್ಲಿರುವುದು. ಸೂಫಿಗಳ ಚಿಂತನೆಯಲ್ಲಿ ಈ ಎರಡೂ ಬಿಟ್ಟಿರಲಾರದ ಜೋಡಿ. ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರು ಅದೇ ಪರಂಪರೆಯವರು. ಆದರೆ ಬಹಮನಿ, ಆದಿಲಶಾಹಿ ದರ್ಬಾರುಗಳಿಂದ, ಮುಂದೆ ಮರಾಠಿ ಕಚೇರಿಗಳಿಂದ ಕನ್ನಡಕ್ಕೆ ಇಳಿದು ಬಂದದ್ದು ಜಾಹೀರು ಒಂದೇ. ಬಾತಿನ್‌ಗೆ ನಮ್ಮಲ್ಲಿ ಒಳಗು, ಗುಟ್ಟು, ಮರ್ಮ ಎಲ್ಲ ಮೊದಲೇ ಇದ್ದವಲ್ಲ! ಕಚೇರಿಗೆ ಬೇಕಾಗಿದ್ದದ್ದು ದಾಖಲೆ, ವಸೂಲಿ, ಅರ್ಜಿ, ಜಾಮೀನು. ಇವುಗಳ ಸಾಲಿನಲ್ಲೇ ಜಾಹೀರೂ ಬಂತು, ಆಳುವವರ ಅಪ್ಪಣೆಯನ್ನು ಊರಿಗೆಲ್ಲ ತಿಳಿಸುವ ಜಾಹೀರನಾಮೆಯೂ ಬಂತು. ಅದಕ್ಕೂ ಮುಂಚೆ ಆ ಕೆಲಸ ಡಂಗುರದ್ದು. ಡಂಗುರ ಹೊಡೆದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎನ್ನುವ ಹಾಗಿಲ್ಲ. ಹೊಡೆಸಿದವನೂ ‘ನಾನು ಹಾಗೆ ಹೇಳಿರಲಿಲ್ಲ’ ಎನ್ನುವ ಹಾಗಿಲ್ಲ.

ಈ ಕರಾರು ಇನ್ನೂ ಚೊಕ್ಕವಾಗಿ ಉಳಿದಿರುವ ಜಾಗ ಹುಬ್ಬಳ್ಳಿ, ಬೆಳಗಾವಿ ಕಡೆಯ ಪತ್ರಿಕೆಗಳ ಒಳಪುಟ. ಅಲ್ಲಿ ಸಣ್ಣ ಅಕ್ಷರದಲ್ಲಿ ‘ಜಾಹೀರ ನೋಟೀಸು’ ಬರುತ್ತದೆ. ಇಂಥ ಊರಿನ ಇಂಥ ಸರ್ವೆ ನಂಬರಿನ ಜಮೀನು, ಎಕರೆ ಎಷ್ಟು, ಗುಂಟೆ ಎಷ್ಟು, ಚಕ್ಕುಬಂದಿ ಹೀಗೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ. ಇದನ್ನು ನಮ್ಮ ಕಕ್ಷಿದಾರರು ಖರೀದಿ ಮಾಡುವವರಿದ್ದಾರೆ. ಯಾರದಾದರೂ ತಕರಾರು ಇದ್ದರೆ ಇಷ್ಟು ದಿನದೊಳಗೆ ದಾಖಲೆ ಸಮೇತ ವಕೀಲರನ್ನು ಕಾಣಬೇಕು. ತಕರಾರು, ದಾಖಲೆ, ವಕೀಲ ಮೂರಕ್ಕೂ ಮೂಲ ಅರಬ್ಬಿಯೇ. ಈ ನೋಟೀಸು ಯಾರನ್ನೂ ಮರುಳು ಮಾಡಲು ಹೊರಟಿಲ್ಲ. ತಕರಾರು ಇದ್ದವನ ಕಣ್ಣಿಗೂ ಬೀಳಬೇಕು ಎನ್ನುವುದೇ ಅದರ ಉದ್ದೇಶ.

ಇನ್ನು ‘ಆತ್’ ಎಂಬ ಬಾಲ. ಅದು ಅರಬ್ಬಿಯ ಬಹುವಚನ ಪ್ರತ್ಯಯ. ಹಿಂದೂಸ್ತಾನಿಯ ಕಾಗಜಾತ್, ಜವಾಹಿರಾತ್ ಇದ್ದಂತೆ. ಜಾಹೀರಿಗೆ ಅದನ್ನು ಅಂಟಿಸಿ ಇಂದಿನ ಅರ್ಥ ಕೊಟ್ಟದ್ದು ಅರಬರಲ್ಲ. ಅವರಿಗೆ ಜಾಹೀರಾತು ‘ಇಅಲಾನ್’, ಉರ್ದುವಿನವರಿಗೆ ‘ಇಶ್ತಿಹಾರ್’. ಮರಾಠಿಯ ‘ಜಾಹಿರಾತ್’, ಗುಜರಾತಿಯ ‘ಜಾಹೇರಾತ್’, ನಮ್ಮ ಜಾಹೀರಾತು ಒಂದೇ ಬಳ್ಳಿಯವು. ಮೂಡಲ, ತೆಂಕಣ ನೆರೆಯವರು ಬೇರೆ ದಾರಿ ಹಿಡಿದರು: ತೆಲುಗರದು ಪ್ರಕಟನ, ಮಲಯಾಳಿಗಳದು ಪರಸ್ಯ, ತಮಿಳರದು ವಿಳಂಬರಂ. (ವಿಳಂಬಕ್ಕೆ ಒಗ್ಗಿದ ಕನ್ನಡದ ಕಿವಿಗೆ ಈ ಕೊನೆಯದು ತಡವಾಗಿ ಬರುವ ಸರಕಿನ ಸೂಚನೆಯಂತೆ ಕೇಳುತ್ತದೆ.)

ಸರ್ಕಾರದ ಪದ ಸಂತೆಗೆ ಇಳಿದದ್ದು ಅಚ್ಚಿನ ಮೂಲಕ. ಭಾರತದ ಮೊದಲ ಪತ್ರಿಕೆ, 1780ರಲ್ಲಿ ಕಲ್ಕತ್ತೆಯಲ್ಲಿ ಹಿಕ್ಕಿ ಹೊರಡಿಸಿದ ‘ಬೆಂಗಾಲ್ ಗೆಜೆಟ್’, ತನ್ನ ಹೆಸರಿನಲ್ಲೇ ‘ಅಡ್ವರ್ಟೈಸರ್’ ಎಂದೂ ಬರೆದುಕೊಂಡಿತ್ತು. ಕನ್ನಡದಲ್ಲಿ 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಬಂತು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1967ರಲ್ಲಿ ವಿವಿಧ ಭಾರತಿ, 1976ರಲ್ಲಿ ದೂರದರ್ಶನ ಜಾಹೀರಾತಿಗೆ ಬಾಗಿಲು ತೆರೆದವು. ನಿರ್ಮಾ ಹಾಡನ್ನು ಬೀದರಿನ ಹುಡುಗನೂ ಚಾಮರಾಜನಗರದ ಅಜ್ಜಿಯೂ ಕೇಳಿದರು, ಒಂದೇ ಹಾಡು, ಒಂದೇ ಮಾತು. ಮಾರುವವನು ಉತ್ಪ್ರೇಕ್ಷೆ ಮಾಡುತ್ತಿದ್ದ, ನಿಜ. ಆದರೆ ಮಾಡಿದ ಉತ್ಪ್ರೇಕ್ಷೆ ಜಗಜ್ಜಾಹೀರಾಗಿರುತ್ತಿತ್ತು.

ಅಂತರ್ಜಾಲದಲ್ಲಿ ಪದ ಮಗುಚಿಕೊಂಡಿತು. ಮೊದಲ ದಿನವೇ ಅದರ ಲಕ್ಷಣ ಕಂಡಿತ್ತು. 1994ರ ಅಕ್ಟೋಬರ್ 27ರಂದು ‘ಹಾಟ್‌ವೈರ್ಡ್’ ತಾಣದಲ್ಲಿ ಕಾಣಿಸಿಕೊಂಡ ಬ್ಯಾನರನ್ನು ಜಾಲದ ಮೊದಲ ಜಾಹೀರಾತುಗಳಲ್ಲಿ ಒಂದೆಂದು ಎಣಿಸುತ್ತಾರೆ. ದುಡ್ಡು ಕೊಟ್ಟದ್ದು ಎಟಿ ಅಂಡ್ ಟಿ ಕಂಪನಿ. ಆದರೆ ಆ ಕಪ್ಪು ಪಟ್ಟಿಯ ಮೇಲೆ ಕಂಪನಿಯ ಹೆಸರಿರಲಿಲ್ಲ. ಇಲ್ಲಿ ಎಂದಾದರೂ ಒತ್ತಿದ್ದೀರಾ ಎಂದು ಕೆಣಕಿ, ಒತ್ತುತ್ತೀರಿ ಎಂದು ಭವಿಷ್ಯ ನುಡಿಯುವ ಬಣ್ಣದ ಅಕ್ಷರಗಳು, ಅಷ್ಟೆ. ಯಾರು ಮಾರುತ್ತಿದ್ದಾರೆ ಎಂದು ತಿಳಿಯಬೇಕಾದರೆ ಮೊದಲು ಒತ್ತಬೇಕು.

ಎಲ್ಲರೂ ಹೀಗೆಯೇ ಇದ್ದರು ಎಂದಲ್ಲ. 1998ರಲ್ಲಿ ಬಿಲ್ ಗ್ರಾಸ್ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ ‘ಗೋಟು’ ಎಂಬ ಹುಡುಕುತಾಣ ತೆರೆದ. ಒಂದು ಪದ ಹುಡುಕಿದರೆ ಮೇಲೆ ಯಾರು ಕಾಣಬೇಕು ಎನ್ನುವುದನ್ನು ಅಲ್ಲಿ ಹರಾಜು ನಿರ್ಧರಿಸುತ್ತಿತ್ತು. ಪ್ರತಿ ಕ್ಲಿಕ್ಕಿಗೆ ಜಾಹೀರಾತುದಾರ ಎಷ್ಟು ಕೊಡುತ್ತಾನೆ ಎನ್ನುವುದನ್ನು ಕೊಂಡಿಯ ಪಕ್ಕದಲ್ಲೇ ಬರೆದು ತೋರಿಸುತ್ತಿದ್ದ. ಹರಾಜಿನ ಕೂಗನ್ನು ಗಿರಾಕಿಗೇ ಕೇಳಿಸಿದ ಹಾಗೆ. ಎಲ್ಲವನ್ನೂ ದುಡ್ಡಿಗೆ ಮಾರುತ್ತಾನೆ ಎಂದು ಅವನನ್ನು ಹಂಗಿಸಿದವರು ಬಹಳ. ನನಗಂತೂ ಅವನಷ್ಟು ಜಾಹೀರಾಗಿ ಜಾಹೀರಾತು ಮಾರಿದವರು ಜಾಲದಲ್ಲಿ ಇನ್ನೊಬ್ಬರು ಕಾಣುವುದಿಲ್ಲ.

ಹರಾಜು ಎಂಬ ಪದವೂ ಅರಬ್ಬಿಯಿಂದಲೇ ಬಂದದ್ದು. 2000ದ ಅಕ್ಟೋಬರಿನಲ್ಲಿ ‘ಆ್ಯಡ್‌ವರ್ಡ್ಸ್’ ಎಂಬ ಜಾಹೀರಾತು ಸೇವೆ ಶುರು ಮಾಡಿದ ಗೂಗಲ್, 2002ರಲ್ಲಿ ಹರಾಜಿಗೆ ಒಂದು ತಿರುವು ಕೊಟ್ಟಿತು. ಯಾರು ಎಷ್ಟು ಕೂಗಿದರು ಎನ್ನುವುದು ಪರದೆಯ ಹಿಂದೆ ಹೋಯಿತು, ಜೊತೆಗೆ ಜನ ಎಷ್ಟು ಒತ್ತುತ್ತಾರೆ ಎನ್ನುವುದೂ ಲೆಕ್ಕಕ್ಕೆ ಬಂತು. ಹೊಸದಾಗಿ ಇಳಿಯುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಒಬ್ಬ ಕ್ಲಿಕ್ಕಿಗೆ ₹12 ಕೂಗುತ್ತಾನೆ, ನೂರು ಜನ ನೋಡಿದರೆ ಒಬ್ಬ ಒತ್ತುತ್ತಾನೆ. ಗೂಗಲ್‌ಗೆ ಸಿಗಬಹುದಾದದ್ದು ₹12. ಇನ್ನೊಬ್ಬಳು ₹8 ಕೂಗುತ್ತಾಳೆ, ನೂರರಲ್ಲಿ ಇಬ್ಬರು ಒತ್ತುತ್ತಾರೆ; ಸಿಗುವುದು ₹16. ಮೇಲಿನ ಜಾಗ ಕಡಿಮೆ ಕೂಗಿದವಳಿಗೆ. ಅಸಲು ಯಂತ್ರ ಇದಕ್ಕಿಂತ ತೊಡಕಿನದು, ಆದರೆ ತಿರುಳು ಇಷ್ಟೇ. ಗಿರಾಕಿ ಹುಡುಕಿದ ಮಾತಿಗೂ ನೀವು ಬರೆದ ಸಾಲಿಗೂ ತಾಳೆಯಾದರೆ ಖರ್ಚು ಇಳಿಯುತ್ತದೆ. ‘ಬಜೆಟ್ ಏರಿಸಿ’ ಎಂದಷ್ಟೇ ಹೇಳುವ ಕೋರ್ಸುಗಳು ಇದನ್ನು ಮೊದಲ ಪಾಠದಲ್ಲಿ ಏಕೆ ಹೇಳುವುದಿಲ್ಲವೋ!

ಅದೇ ಗೂಗಲ್ ಪುಟದಲ್ಲಿ ಜಾಹೀರಾತಿನ ಗುರುತು ಮಾಸುತ್ತ ಬಂದದ್ದನ್ನು ಬೇಕಾದರೆ ಸಾಲಾಗಿ ಇಟ್ಟು ನೋಡಬಹುದು. ಮೊದಲು ಜಾಹೀರಾತಿನ ಹಿಂದೆ ಬಣ್ಣದ ಚೌಕವೇ ಇತ್ತು. 2013-14ರ ಹೊತ್ತಿಗೆ ಬಣ್ಣ ಹೋಗಿ ಒಂದು ಹಳದಿ ಚೀಟಿ ಉಳಿಯಿತು. 2016ರಲ್ಲಿ ಆ ಚೀಟಿ ಹಸಿರಾಯಿತು, ಕೆಳಗಿನ ವಿಳಾಸದ ಅಕ್ಷರದಷ್ಟೇ ಹಸಿರು. ಮರುವರ್ಷ ಹಸಿರು ತುಂಬಿದ್ದು ಹೋಗಿ ಬರೀ ಗೆರೆಯ ಅಂಚು. ಆಮೇಲೆ ಕಪ್ಪು ಅಕ್ಷರದ ‘ಆ್ಯಡ್’. 2022ರ ಕೊನೆಗೆ ಅದೂ ಹೋಗಿ ‘ಸ್ಪಾನ್ಸರ್ಡ್’. ಪ್ರಾಯೋಜಿತ ಎಂದರೆ ನಮ್ಮಲ್ಲಿ ಜಾತ್ರೆಯ ನಾಟಕದ ಖರ್ಚು ಹೊತ್ತ ದೊಡ್ಡ ಮನುಷ್ಯರ ನೆನಪಾಗುತ್ತದೆ. ಸರಕು ಮಾರುವವನ ನೆನಪಾಗುವುದಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಮಿನದು ಇನ್ನೊಂದು ಬಗೆ. ಧಾರವಾಡದಲ್ಲಿ ಮನೆಯಲ್ಲೇ ಶೇಂಗಾ ಚಟ್ನಿಪುಡಿ ಮಾಡಿ ಮಾರುವ ಹೆಣ್ಣುಮಗಳೊಬ್ಬರು ಫೋನಿನಲ್ಲಿ ಗೋಳು ತೋಡಿಕೊಂಡರು: “ರೊಕ್ಕ ದಿನಾ ಕಟ್ ಆಗಾಕತ್ತೈತ್ರಿ ಸರ, ಆ್ಯಡ್ ಮಾತ್ರ ನನಗ ಒಮ್ಮೀನೂ ಕಂಡಿಲ್ಲ. ನಮ್ಮ ಓಣ್ಯಾಗ ಯಾರಿಗೂ ಕಂಡಿಲ್ಲ.” ಮೋಸವೇನೂ ಆಗಿರಲಿಲ್ಲ. ಧಾರವಾಡದವರು ಚಟ್ನಿಪುಡಿಯನ್ನು ಮನೆಯಲ್ಲೇ ಕುಟ್ಟಿಕೊಳ್ಳುತ್ತಾರೆ ಎಂದು ಅವರ ಮಗನೇ ಸೆಟ್ಟಿಂಗಿನಲ್ಲಿ ಬೆಂಗಳೂರು, ಪುಣೆ, ಇಂತಿಷ್ಟು ವಯಸ್ಸು, ಅಡುಗೆಯಲ್ಲಿ ಆಸಕ್ತಿ ಎಂದು ಆರಿಸಿದ್ದ. ಜಾಹೀರಾತು ಅವನು ಹೇಳಿದವರಿಗೇ ಹೋಗುತ್ತಿತ್ತು. ಧಾರವಾಡದ ಓಣಿಯಲ್ಲಿ ಅದು ಕಾಣದಿರುವುದೇ ಸರಿ.

ಸಣ್ಣ ವ್ಯಾಪಾರಿಗೆ ಇದರಿಂದ ಲಾಭವಿದೆ, ಅಲ್ಲಗಳೆಯುವುದಿಲ್ಲ. ಪತ್ರಿಕೆಯ ಕಾಲುಪುಟ ಕೊಳ್ಳಲಾಗದವರೂ ದಿನಕ್ಕೆ ಕೆಲವು ನೂರು ರೂಪಾಯಿಯಲ್ಲಿ ತಮ್ಮ ಗಿರಾಕಿಯನ್ನು ಮುಟ್ಟಬಹುದು. ಆದರೆ ಆ ಹೆಣ್ಣುಮಗಳ ಗೊಂದಲದಲ್ಲಿ ಹಳೆಯ ಪದದ ಅರ್ಥ ಇನ್ನೂ ಜೀವಂತವಾಗಿತ್ತು: ಓಣಿಯವರಿಗೇ ಕಾಣದ ಮೇಲೆ ಅದೆಂಥ ಜಾಹೀರಾತು? ಒಬ್ಬರಿಗೆ ಒಂದು ಬೆಲೆ, ಇನ್ನೊಬ್ಬರಿಗೆ ಇನ್ನೊಂದು ಮಾತು ಹೇಳಿದರೂ ಹೋಲಿಸಿ ನೋಡಲು ಪಕ್ಕದವರ ಕೈಯಲ್ಲಿ ಅದೇ ಪತ್ರಿಕೆ ಇರುವುದಿಲ್ಲ. ತಕರಾರು ಎತ್ತಬಹುದಾದವರಿಗೆ ತಕರಾರಿನ ವಿಷಯವೇ ತಲುಪುವುದಿಲ್ಲ. ನಾವು ಒಳಗೆ ಬಿಟ್ಟುಕೊಳ್ಳದ ಬಾತಿನ್ ಹೀಗೆ ಹಿತ್ತಲಿನಿಂದ ಬಂದು ಕೂತಿದೆ.

ಕಾನೂನೂ ಉದ್ಯಮವೂ ಇದನ್ನು ಮತ್ತೆ ಜಾಹೀರು ಮಾಡಿಸಲು ಹೆಣಗುತ್ತಿವೆ. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಆಸ್ಕಿ, ರೀಲ್ ಮಾಡುವ ಇನ್‌ಫ್ಲುಯೆನ್ಸರುಗಳು ದುಡ್ಡು ಪಡೆದು ಹೊಗಳಿದ್ದರೆ ಹಾಗೆಂದು ಬರೆಯಲೇಬೇಕು ಎಂಬ ನಿಯಮವನ್ನು 2021ರ ಜೂನಿನಿಂದ ಜಾರಿಗೆ ತಂದಿತು. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು. 2023ರ ನವೆಂಬರ್ 30ರಂದು ಹೊರಟ ಮಾರ್ಗಸೂಚಿ 13 ಬಗೆಯ ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ‘ಇನ್ನು ಎರಡೇ ಪೀಸ್ ಬಾಕಿ’ ಎಂದು ಸುಳ್ಳು ಆತುರ ಹುಟ್ಟಿಸುವುದು ಅದರಲ್ಲಿ ಒಂದು. ಇನ್ನೊಂದು, ವೇಷ ಮರೆಸಿಕೊಂಡ ಜಾಹೀರಾತು, ಅಂದರೆ ಸುದ್ದಿಯಂತೆ, ಗೆಳೆಯನ ಮಾತಿನಂತೆ ಬರುವಂಥದು. ಹಿಕ್ಕಿಯ ಕಾಲದ ಓದುಗನಿಗೆ ಇಂಥ ನಿಯಮ ಏಕೆ ಬೇಕು ಎನ್ನುವುದನ್ನು ಬಿಡಿಸಿ ಹೇಳುವುದೇ ಕಷ್ಟವಾಗುತ್ತಿತ್ತು.

ಇನ್ನೊಂದು ಕಿಟಕಿಯೂ ಇದೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮಿನ ಒಡೆಯ ಮೆಟಾ ‘ಆ್ಯಡ್ ಲೈಬ್ರರಿ’ಯನ್ನು, ಗೂಗಲ್ 2023ರಿಂದ ‘ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್’ ಅನ್ನು ಎಲ್ಲರಿಗೂ ತೆರೆದಿಟ್ಟಿವೆ. ಮೆಟಾದ ಲೈಬ್ರರಿಯಲ್ಲಿ ದೇಶ ಭಾರತ ಎಂದು ಆರಿಸಿ ‘ಚಟ್ನಿಪುಡಿ’ ಎಂದೋ, ಒಂದು ಕಂಪನಿಯ ಹೆಸರನ್ನೋ ಹಾಕಿದರೆ ಸದ್ಯ ಓಡುತ್ತಿರುವ ಜಾಹೀರಾತುಗಳು ಕಾಣುತ್ತವೆ: ಚಿತ್ರ, ಮಾತು, ಯಾವ ದಿನದಿಂದ ನಡೆಯುತ್ತಿದೆ ಎನ್ನುವುದು. ನಷ್ಟದ ಜಾಹೀರಾತಿಗೆ ತಿಂಗಳುಗಟ್ಟಲೆ ದುಡ್ಡು ಸುರಿಯುವವರು ಕಡಿಮೆ. ಹಾಗಾಗಿ ಬಹಳ ದಿನದಿಂದ ಓಡುತ್ತಿರುವುದು ಯಾವುದು ಎಂದು ನೋಡಿದರೇ ಅರ್ಧ ಪಾಠ ಬಿಟ್ಟಿಯಾಗಿ ಸಿಗುತ್ತದೆ. ಧಾರವಾಡದ ಹೆಣ್ಣುಮಗಳು ತಮ್ಮ ಜಾಹೀರಾತನ್ನು ಮೊದಲ ಬಾರಿಗೆ ನೋಡಿದ್ದೂ ಅಲ್ಲೇ. ಖಾತೆ ಬೇಡ, ಯಾರ ಅನುಮತಿಯೂ ಬೇಡ, ಯಾರು ಬೇಕಾದರೂ ನೋಡಬಹುದು. ಆದರೂ ಮಾರ್ಕೆಟಿಂಗ್ ಹುಡುಗರು ಈ ಕೆಲಸಕ್ಕೆ ಇಟ್ಟಿರುವ ಹೆಸರು ‘ಆ್ಯಡ್ ಸ್ಪೈ ಮಾಡೋದು’. ಜಾಹೀರಾತನ್ನು ನೋಡುವುದು ಗೂಢಚಾರಿಕೆ!