ಒಂದೇ ಗೇರಿನ ಸೈಕಲ್ಲು: ಬೆಟ್ಟದ ಹಾದಿಯ ಒಂದು ಇತಿಹಾಸ



ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಒಂದು ಹಳೆಯ ಸೈಕಲ್ಲು ಇರಬಹುದು. ಅದನ್ನು ಒಮ್ಮೆ ಗಮನವಿಟ್ಟು ನೋಡಿ. ಪೆಡಲಿನ ಬಳಿ ಒಂದು ಹಲ್ಲುಚಕ್ರ, ಹಿಂದಿನ ಗಾಲಿಯ ನಡುವೆ ಇನ್ನೊಂದು ಚಿಕ್ಕ ಹಲ್ಲುಚಕ್ರ, ಎರಡನ್ನೂ ಸೇರಿಸುವ ಒಂದು ಸರಪಳಿ. ಅಷ್ಟೆ. ಏರು ಬಂದರೆ ಎದ್ದು ನಿಂತು ತುಳಿಯಬೇಕು. ಅದೂ ಆಗದಿದ್ದರೆ ಇಳಿದು ತಳ್ಳಬೇಕು. ನಮ್ಮಲ್ಲಿ ಹಾಲಿನ ಕ್ಯಾನು ಹೊತ್ತ, ಮೇವಿನ ಹೊರೆ ಹೊತ್ತ ಎಷ್ಟೋ ಸೈಕಲ್ಲುಗಳು ಇಂಥವೇ. ಬೇರೆ ಬಗೆಯದು ಕೈಗೆಟುಕದಿದ್ದಾಗ ಇದನ್ನು ತುಳಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಇಪ್ಪತ್ತು ಮೂವತ್ತು ಗೇರುಗಳ ಸೈಕಲ್ಲು ಸುಲಭವಾಗಿ ಸಿಗುವ ದೇಶಗಳಲ್ಲಿ, ಕೊಳ್ಳುವ ಶಕ್ತಿಯೂ ಇರುವ ಜನ, ಬೇಕೆಂದೇ ಒಂದೇ ಗೇರಿನ ಸೈಕಲ್ಲು ಹಿಡಿದು ಬೆಟ್ಟ ಹತ್ತುತ್ತಾರೆ ಎಂದರೆ ನೀವು ನಂಬುವಿರಾ? ಅವರಿಗೆ ಅದರಲ್ಲಿ ಸಿಗುವ ಸುಖವಾದರೂ ಏನು? ಈ ಪ್ರಶ್ನೆಗೆ ಉತ್ತರ ಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಗೇರು ಎಂದರೇನು ಎಂಬುದನ್ನು ತಿಳಿಯೋಣ. ಮುಂದಿನ ಚಕ್ರಕ್ಕೆ 32 ಹಲ್ಲು, ಹಿಂದಿನದಕ್ಕೆ 16 ಹಲ್ಲು ಇವೆ ಎನ್ನಿ. ಪೆಡಲು ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ ಎರಡು ಸುತ್ತು ತಿರುಗುತ್ತದೆ. ಗಾಲಿಯ ವ್ಯಾಸ 26 ಅಂಗುಲವಾದರೆ ಅದರ ಸುತ್ತಳತೆ ಸುಮಾರು 2.07 ಮೀಟರು. ಆದ್ದರಿಂದ ಒಂದು ತುಳಿತಕ್ಕೆ ಸೈಕಲ್ಲು ಸುಮಾರು 4.1 ಮೀಟರು ಮುಂದೆ ಸಾಗುತ್ತದೆ. ಮುಂದೆ 22, ಹಿಂದೆ 32 ಹಲ್ಲು ಇದ್ದರೆ ಸಾಗುವುದು ಸುಮಾರು 1.4 ಮೀಟರು ಮಾತ್ರ. ದೂರ ಕಡಿಮೆಯಾಯಿತು, ಆದರೆ ಕಾಲಿನ ಭಾರವೂ ಅಷ್ಟೇ ಕಡಿಮೆಯಾಯಿತು. ಏರಿಗೆ ಹಗುರ, ಇಳಿಜಾರಿಗೆ ಭಾರ ಎಂದು ಬದಲಾಯಿಸಿಕೊಳ್ಳುವ ಅನುಕೂಲವೇ ಗೇರು.

ಈ ಅನುಕೂಲ ಸೈಕಲ್ಲಿಗೆ ಹುಟ್ಟಿನಿಂದಲೇ ಬಂದದ್ದಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿದ ಎರಡು ಗಾಲಿಯ ವಾಹನಕ್ಕೆ ಪೆಡಲೇ ಇರಲಿಲ್ಲ, ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಬೇಕಿತ್ತು. 1870ರ ದಶಕದಲ್ಲಿ ಮುಂದಿನ ಗಾಲಿ ಆಳೆತ್ತರಕ್ಕೆ ಬೆಳೆಯಿತು. ಏಕೆಂದರೆ ಪೆಡಲು ನೇರವಾಗಿ ಆ ಗಾಲಿಗೇ ಜೋಡಿಸಿತ್ತು, ಗಾಲಿ ದೊಡ್ಡದಾದಷ್ಟೂ ಒಂದು ತುಳಿತಕ್ಕೆ ಹೆಚ್ಚು ದೂರ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ರೋವರ್ ಸೈಕಲ್ಲು ಸರಪಳಿಯ ನೆರವಿನಿಂದ ಈ ಕಷ್ಟವನ್ನು ತಪ್ಪಿಸಿತು. ಇಂದು ನಾವು ತುಳಿಯುವ ಸೈಕಲ್ಲಿನ ರೂಪ ಬಹುಮಟ್ಟಿಗೆ ಅಂದಿನದೇ. ಸರಪಳಿ ಬಂದ ಮೇಲೆ ಹಲ್ಲುಚಕ್ರಗಳನ್ನು ಬದಲಾಯಿಸುವ ಯೋಚನೆಯೂ ಬಂತು. ಅದರ ಬೆನ್ನಿಗೇ ಒಂದು ದೊಡ್ಡ ವಾಗ್ವಾದವೂ ಹುಟ್ಟಿಕೊಂಡಿತು.

ಫ್ರಾನ್ಸಿನ ಸೇಂಟ್ ಎತಿಯೆನ್ ನಗರದಲ್ಲಿ ಪಾಲ್ ದ ವಿವಿ ಎಂಬ ಪತ್ರಿಕಾ ಸಂಪಾದಕನಿದ್ದ. 'ವೆಲೋಸಿಯೊ' ಎಂಬುದು ಅವನ ಲೇಖನನಾಮ. ಸುತ್ತಲೂ ಬೆಟ್ಟಗಳಿರುವ ಊರು. ಸಾಮಾನ್ಯ ಜನರೂ ವಯಸ್ಸಾದವರೂ ಬೆಟ್ಟ ಹತ್ತಿ ಆನಂದಿಸಬೇಕಾದರೆ ಸೈಕಲ್ಲಿಗೆ ಹಲವು ಗೇರು ಬೇಕು ಎಂಬುದು ಅವನ ದೃಢವಾದ ಅಭಿಪ್ರಾಯ. ಇನ್ನೊಂದು ಕಡೆ ನಿಂತವನು ಆನ್ರಿ ದೆಗ್ರಾಂಜ್. ಇವನೂ ಸಂಪಾದಕನೇ. ಮುಂದೆ 1903ರಲ್ಲಿ ಟೂರ್ ದ ಫ್ರಾನ್ಸ್ ಎಂಬ ಪ್ರಸಿದ್ಧ ಪಂದ್ಯವನ್ನು ಆರಂಭಿಸಿದವನು. ಗೇರು ಬದಲಾಯಿಸುವ ಸಾಧನ ನಲವತ್ತೈದು ದಾಟಿದವರಿಗೆ ಸರಿ, ಯಂತ್ರದ ಉಪಾಯದಿಂದ ಗೆಲ್ಲುವುದಕ್ಕಿಂತ ಸ್ನಾಯುಬಲದಿಂದ ಗೆಲ್ಲುವುದೇ ಮೇಲು ಎಂದು ಇವನು 1902ರಲ್ಲಿ ವಾದಿಸಿದ.

ದೆಗ್ರಾಂಜನ ಹಟದ ಫಲವನ್ನು ಸವಾರರು ಅನುಭವಿಸಿದರು. 1910ರಲ್ಲಿ ಆ ಪಂದ್ಯ ಮೊದಲ ಬಾರಿಗೆ ಪಿರನೀಸ್ ಪರ್ವತಶ್ರೇಣಿಯ ಎತ್ತರದ ಕಣಿವೆದಾರಿಗಳನ್ನು ದಾಟಿತು. ಅವುಗಳಲ್ಲಿ ತೂರ್ಮಾಲೆ ಎಂಬುದು 2115 ಮೀಟರು ಎತ್ತರದ್ದು. ಅಲ್ಲಿ ಗುಸ್ತಾವ್ ಗಾರಿಗು ಎಂಬ ಸವಾರ ಸೈಕಲ್ಲಿನಿಂದ ಇಳಿಯದೆಯೇ ಹತ್ತಿದ. ಅವನಿಗಿಂತ ಮುಂದಿದ್ದ ಒಕ್ತಾವ್ ಲಾಪಿಝ್ ಅಲ್ಲಲ್ಲಿ ಇಳಿದು ಸೈಕಲ್ಲನ್ನು ತಳ್ಳಿಕೊಂಡೇ ಹತ್ತಿದ. ಆ ವರ್ಷದ ಪಂದ್ಯ ಗೆದ್ದವನು ತಳ್ಳಿಕೊಂಡು ಹತ್ತಿದ ಲಾಪಿಝ್ ಎಂಬುದನ್ನು ನೆನಪಿಡಿ. ಮುಂದಿನ ದಿನಗಳಲ್ಲಿ ಸವಾರರು ಹಿಂದಿನ ಗಾಲಿಯ ಎರಡು ಬದಿಗೂ ಬೇರೆ ಬೇರೆ ಹಲ್ಲುಚಕ್ರ ಹಾಕಿಸಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು ಗಾಲಿ ಬಿಚ್ಚಿ ತಿರುವಿ ಹಾಕುತ್ತಿದ್ದರು. ಸರಪಳಿಯನ್ನು ಚಲಿಸುತ್ತಲೇ ಬದಲಾಯಿಸುವ ಸಾಧನಕ್ಕೆ ಆ ಪಂದ್ಯದಲ್ಲಿ ಅನುಮತಿ ದೊರೆತದ್ದು 1937ರಲ್ಲಿ. ಅಲ್ಲಿಗೆ ವೆಲೋಸಿಯೊನ ಪಕ್ಷ ಗೆದ್ದಂತಾಯಿತು. ಅದನ್ನು ನೋಡಲು ಅವನು ಬದುಕಿರಲಿಲ್ಲ. 1930ರಲ್ಲೇ ತೀರಿಕೊಂಡಿದ್ದ.

ಈಗ ಅಮೆರಿಕಕ್ಕೆ ಬನ್ನಿ. ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ಟಮಲ್ಪಾಯಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು ಮೂವತ್ತು ನಲವತ್ತು ವರ್ಷ ಹಳೆಯ, ದಪ್ಪ ಟೈರಿನ, ಒಂದೇ ಗೇರಿನ ಸೈಕಲ್ಲುಗಳನ್ನು ಅಗ್ಗದಲ್ಲಿ ಕೊಂಡು ಮಣ್ಣಿನ ಹಾದಿಯಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರಿನಲ್ಲಿ ಅದು ಪಂದ್ಯವಾಯಿತು. ಸುಮಾರು ಮೂರೂವರೆ ಕಿಲೋಮೀಟರಿನಲ್ಲಿ 400 ಮೀಟರಿನಷ್ಟು ಇಳಿತ! ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು ಕೆಳಗೆ ಮುಟ್ಟುವ ಹೊತ್ತಿಗೆ ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಬಾರಿಯೂ ಹೊಸದಾಗಿ ಗ್ರೀಸು ತುಂಬಬೇಕಾದ್ದರಿಂದ ಆ ಹಾದಿಗೆ 'ರೀಪ್ಯಾಕ್', ಅಂದರೆ 'ಮರುತುಂಬು', ಎಂದೇ ಹೆಸರಾಯಿತು.

ಇಳಿಯುವುದೇನೋ ಸರಿ, ಹತ್ತುವುದು ಹೇಗೆ? ತಳ್ಳಿಕೊಂಡು ಹೋಗಬೇಕು, ಇಲ್ಲವೆ ಲಾರಿಯಲ್ಲಿ ಹೇರಿಕೊಂಡು ಹೋಗಬೇಕು. ಗ್ಯಾರಿ ಫಿಶರ್ ಮುಂತಾದವರು ಹಳೆಯ ಸೈಕಲ್ಲಿಗೆ ಗೇರು ಜೋಡಿಸಿದರು. ಜೋ ಬ್ರೀಜ್ ಎಂಬಾತ 1977ರಲ್ಲಿ ಈ ಹಾದಿಗೆಂದೇ ಹೊಸ ಚೌಕಟ್ಟು ಕಟ್ಟಿದ. 1981ರ ಹೊತ್ತಿಗೆ ಹದಿನೈದು ಗೇರಿನ 'ಮೌಂಟನ್ ಬೈಕ್' ಕಾರ್ಖಾನೆಯಿಂದಲೇ ಬರತೊಡಗಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಸ್ಥಾನ ಸಿಕ್ಕಿತು. ಅಷ್ಟರಲ್ಲಿ ಗೇರುಗಳ ಸಂಖ್ಯೆ ಇಪ್ಪತ್ತು ದಾಟಿತ್ತು.

ವಿಚಿತ್ರವೆಂದರೆ, ಗೇರುಗಳು ಹೆಚ್ಚಿದ ಆ 1990ರ ದಶಕದಲ್ಲೇ ಕೆಲವರು ಹಿಂದಿರುಗಿ ಒಂದೇ ಗೇರಿನ ಸೈಕಲ್ಲು ಹಿಡಿದರು. ಮುಂದೆ ಅವರದೇ ಜಾಗತಿಕ ಪಂದ್ಯಗಳೂ ನಡೆದವು. 2007ರಲ್ಲಿ ಸ್ಕಾಟ್ಲೆಂಡಿನ ಏವಿಮೋರ್, 2010ರಲ್ಲಿ ನ್ಯೂಜಿಲೆಂಡಿನ ರೋಟೊರುವ ಇಂಥ ಪಂದ್ಯ ಕಂಡ ಊರುಗಳು.

ಇದರ ಆಕರ್ಷಣೆಗೆ ಕಾರಣಗಳೇನು? ಮೊದಲನೆಯದು ಸರಳತೆ. ಗೇರು ಬದಲಿಸುವ ಸಾಧನ ಹಿಂದಿನ ಗಾಲಿಯ ಪಕ್ಕದಲ್ಲಿ ಜೋತು ಬಿದ್ದಿರುತ್ತದೆ. ಕೆಸರು ಮೆತ್ತಿದರೆ ತಡವರಿಸುತ್ತದೆ, ಕಲ್ಲು ತಾಗಿದರೆ ಸೊಟ್ಟಗಾಗುತ್ತದೆ. ಒಂದೇ ಗೇರಿನಲ್ಲಿ ಈ ತಾಪತ್ರಯವಿಲ್ಲ. ಎರಡನೆಯದು ಇನ್ನೂ ಮುಖ್ಯವಾದದ್ದು. ಮೇಲೆ ಹೇಳಿದ 32ಕ್ಕೆ 16ರ ಲೆಕ್ಕ ನೆನಪಿದೆಯೆ? ನಿಮಿಷಕ್ಕೆ 60 ಬಾರಿ ತುಳಿದರೆ ಗಂಟೆಗೆ ಸುಮಾರು 15 ಕಿಲೋಮೀಟರು ವೇಗ. ಕಡಿದಾದ ಏರಿನಲ್ಲಿ ವೇಗ 8ಕ್ಕೆ ಇಳಿದರೆ ಕಾಲು ನಿಮಿಷಕ್ಕೆ 32 ಬಾರಿ ಮಾತ್ರ ತಿರುಗುತ್ತದೆ. ಒಂದೊಂದು ತುಳಿತವೂ ಮೆಟ್ಟಿಲು ಹತ್ತಿದ ಹಾಗೆ. ಇನ್ನೂ ನಿಧಾನವಾದರೆ ನಿಂತೇ ಹೋಗುತ್ತದೆ. ಆದ್ದರಿಂದ ಸವಾರ ಏರು ಬರುವ ಮೊದಲೇ ಅದನ್ನು ಓದಿಕೊಳ್ಳಬೇಕು. ಎಲ್ಲಿ ವೇಗ ಕೂಡಿಸಬೇಕು, ಯಾವ ತಿರುವಿನಲ್ಲಿ ಬ್ರೇಕು ಹಿಡಿಯಬಾರದು, ಯಾವ ಬೇರನ್ನು ತಪ್ಪಿಸಬೇಕು ಎಂಬುದೆಲ್ಲ ಕಣ್ಣಿಗೂ ಮೈಗೂ ಗೊತ್ತಾಗಬೇಕು. ಬೆರಳು ಮಾಡುತ್ತಿದ್ದ ಕೆಲಸವನ್ನು ಈಗ ಗಮನ ಮಾಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಗೇರಿನ ಮೇಲೆ ತಪ್ಪು ಹೊರಿಸುವಂತಿಲ್ಲ, ಏಕೆಂದರೆ ಗೇರೇ ಇಲ್ಲ. ಆಗದಿದ್ದರೆ ಲಾಪಿಝ್‌ನಂತೆ ಇಳಿದು ತಳ್ಳಿದರಾಯಿತು. ಅದರಲ್ಲಿ ಅವಮಾನವಿಲ್ಲ.

ಹಾಗಾದರೆ ದೆಗ್ರಾಂಜ್ ಹೇಳಿದ್ದೇ ಸರಿಯೆ? ಇಲ್ಲಿ ನೀವು ಎಚ್ಚರದಿಂದ ಯೋಚಿಸಬೇಕು. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಆರಂಭಿಸಿದಾಗ, ಎಷ್ಟೋ ಹಳ್ಳಿಯ ಹುಡುಗಿಯರಿಗೆ ಅದರಿಂದ ಹೈಸ್ಕೂಲು ಹತ್ತಿರವಾಯಿತು. ಆ ಸೈಕಲ್ಲುಗಳಿಗೂ ಒಂದೇ ಗೇರು. ಮಲೆನಾಡಿನ ಏರುದಾರಿಯಲ್ಲಿ ಪುಸ್ತಕದ ಚೀಲ ಹೊತ್ತು ಅದನ್ನು ತಳ್ಳಿದ ಹುಡುಗಿಗೆ 'ಒಂದೇ ಗೇರಿನ ಆನಂದ' ಎಂದು ಯಾರಾದರೂ ಉಪದೇಶಿಸಿದ್ದರೆ ಅವಳು ನಗುತ್ತಿದ್ದಳು, ಇಲ್ಲವೆ ಸಿಟ್ಟಾಗುತ್ತಿದ್ದಳು. ಎರಡೂ ನ್ಯಾಯವೇ. ದಿನನಿತ್ಯ ಭಾರ ಹೊರುವವರಿಗೆ, ಮಂಡಿ ನೋವಿನವರಿಗೆ, ವಯಸ್ಸಾದವರಿಗೆ ವೆಲೋಸಿಯೊನೇ ಬಂಧು. ದೆಗ್ರಾಂಜ್ ತಪ್ಪಿದ್ದು ಒಂದೇ ಗೇರನ್ನು ಮೆಚ್ಚಿದ್ದರಲ್ಲಲ್ಲ, ಅದನ್ನು ಇತರರ ಮೇಲೆ ನಿಯಮವಾಗಿ ಹೇರಿದ್ದರಲ್ಲಿ. ಸರಳತೆ ನಾವಾಗಿ ಆರಿಸಿಕೊಂಡಾಗ ಶಿಸ್ತು, ಬೇರೆಯವರು ಹೇರಿದಾಗ ಅದು ಬರಿಯ ಕೊರತೆ. ಬೆಟ್ಟದ ಹಾದಿಯ ಸವಾರ ಬಿಡುವಿನ ದಿನ ತನ್ನಿಷ್ಟದಿಂದ ಗೇರನ್ನು ಬಿಟ್ಟಿದ್ದಾನೆ, ಬೇಕೆಂದಾಗ ಮತ್ತೆ ಪಡೆಯಬಲ್ಲ. ಅವನ ಸುಖದ ಒಂದು ಪಾಲು ಆ ಸ್ವಾತಂತ್ರ್ಯದ್ದು.

ಆದರೂ ಅವನು ಕಂಡುಕೊಂಡದ್ದು ಸುಳ್ಳಲ್ಲ. ಸಾಧನ ಕಡಿಮೆಯಾದಾಗ ಗಮನ ಹೆಚ್ಚಬಹುದು ಎಂಬುದನ್ನು ನೀವೂ ಪರೀಕ್ಷಿಸಬಹುದು. ರಜೆಯ ದಿನ ಮನೆಯ ಸೈಕಲ್ಲಿನ ಹಲ್ಲುಗಳನ್ನು ಎಣಿಸಿ, ಗಾಲಿಯ ಸುತ್ತಳತೆ ಅಳೆದು, ಒಂದು ತುಳಿತಕ್ಕೆ ಎಷ್ಟು ದೂರ ಎಂದು ಲೆಕ್ಕ ಹಾಕಿ. ಅನಂತರ ನಿಮ್ಮೂರಿನ ಏರಿಗೆ ಹೋಗಿ. ಮೇಲೆ ಮುಟ್ಟುವ ತನಕ ಎಷ್ಟು ಬಾರಿ ತುಳಿದಿರಿ, ಎಲ್ಲಿ ಇಳಿದಿರಿ ಎಂದು ಬರೆದಿಡಿ. ಎರಡನೆಯ ಸಲ ಹತ್ತುವಾಗ ಆ ದಾರಿ ನಿಮಗೆ ಮೊದಲಿಗಿಂತ ಚೆನ್ನಾಗಿ ಗೊತ್ತಿರುತ್ತದೆ.