ರಾಗಿ (ಕ್ಯಾಲ್ಸಿಯಂ ಮೂಲವಾಗಿ)

ಐ.ಟಿ. ಕಟ್ಟಡಗಳು ಏಳುವ ಮುನ್ನ ಬೆಂಗಳೂರಿನ ಮಹದೇವಪುರ, ವೈಟ್‌ಫೀಲ್ಡ್ ಸೀಮೆಯ ಬಯಲುಗಳಲ್ಲಿ ಬೆಳೆಯುತ್ತಿದ್ದ ಮಳೆಯಾಶ್ರಿತ ಧಾನ್ಯ. ಕ್ಯಾಲ್ಸಿಯಂ ಮಾತ್ರೆಯ ಬದಲು ಮುದ್ದೆ ಸಾಕೇ ಎಂದು ಕೇಳುವವರು ಹಲವರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ 10 ಮಿ.ಗ್ರಾಂ ಕೂಡ ಇಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದ್ದು 1,000 ಮಿ.ಗ್ರಾಂ.

ಆದರೆ ತಿಂದದ್ದೆಲ್ಲ ಮೈಗೆ ಹತ್ತದು. ಕಾಳಿನ ಫೈಟೇಟ್, ಆಕ್ಸಲೇಟ್‌ಗಳು ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತವೆ. ಮೊಳಕೆ ಕಟ್ಟಿ ಮಾಡಿದ ಮಾಲ್ಟ್, ಹುಳಿ ಬಂದ ಅಂಬಲಿ ಇವುಗಳಲ್ಲಿ ಫೈಟೇಟ್ ತಗ್ಗುತ್ತದೆ. ಹೀಗೆ ಮಾಡುವ ಅಜ್ಜಿಯರ ಕ್ರಮ ಸರಿಯೇ. ಹೀರಿಕೆಗೆ ವಿಟಮಿನ್ ಡಿ ಬೇಕು, ಅದರ ಮುಖ್ಯ ಮೂಲ ಬಿಸಿಲು. ಹಗಲೆಲ್ಲ ಎ.ಸಿ. ಕಚೇರಿಯಲ್ಲಿ ಕೂರುವವರು ಮುದ್ದೆಯೊಂದನ್ನೇ ನೆಚ್ಚುವಂತಿಲ್ಲ. ಡಿ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ನುಂಗಬೇಕು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ.