ಕೀಲುನೋವಿನ ಗುಳಿಗೆ: ನಾಲ್ಕು ತಾಲ್ಲೂಕುಗಳ ಚರಿತ್ರೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಹೊಸ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಸೂಳೆಕೆರೆ, ತುಂಗಭದ್ರಾ ಹೊಳೆ, ಭದ್ರಾ ನಾಲೆಗಳ ಆಸರೆಯಲ್ಲಿ ಭತ್ತದ ಗದ್ದೆ, ಅಡಿಕೆ ತೋಟ ಬೆಳೆದ ಸೀಮೆ ಒಂದು ಕಡೆ. ಮಳೆ ಕಡಿಮೆಯಿದ್ದು ಕೊಳವೆಬಾವಿಯನ್ನೇ ನಂಬಿದ ಜಗಳೂರಿನ ಬಯಲು ಇನ್ನೊಂದು ಕಡೆ. ದುಡಿಮೆ ಬೇರೆ, ಕುಡಿಯುವ ನೀರು ಬೇರೆ. ಆದ್ದರಿಂದ ಕೀಲುನೋವಿನ ಕಾರಣಗಳೂ ಒಂದೇ ಅಲ್ಲ. ಆದರೆ ಕಳೆದ ಅರ್ಧ ಶತಮಾನದಲ್ಲಿ ಈ ಎಲ್ಲ ನೋವುಗಳಿಗೂ ಒಂದೇ ಬಗೆಯ ಗುಳಿಗೆ ಮದ್ದಾಯಿತು. ಗುಳಿಗೆ ಊರೂರಿಗೆ ಬೇಗ ತಲುಪಿತು. ಅದನ್ನು ಯಾರು, ಎಷ್ಟು, ಎಷ್ಟು ದಿನ ತೆಗೆದುಕೊಳ್ಳಬೇಕೆಂಬ ತಿಳಿವಳಿಕೆ ತಡವಾಗಿ ತಲುಪಿತು.

ಗುಳಿಗೆ ಬರುವ ಮೊದಲು ಕೀಲುನೋವು ಮನೆಮದ್ದು ಮತ್ತು ನಾಟಿ ವೈದ್ಯರ ಪಾಲಿನದಾಗಿತ್ತು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಬಿಸಿ ಆರುವ ಮುನ್ನ ಮಂಡಿಗೆ ಸುತ್ತಿ ಬಟ್ಟೆ ಕಟ್ಟುವುದು ಬಯಲುಸೀಮೆಯ ಹಳೆಯ ಪದ್ಧತಿ. ಲಕ್ಕಿ ಸೊಪ್ಪನ್ನು ಕುದಿಸಿದ ನೀರಿನಿಂದ ಶಾಖ ಕೊಡುತ್ತಿದ್ದರು. ಆಯುರ್ವೇದ ಪಂಡಿತರು ಸಂಧಿವಾತ, ಆಮವಾತ, ವಾತರಕ್ತ ಎಂದು ಕೀಲುರೋಗಗಳನ್ನು ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಪಥ್ಯ ಹೇಳುತ್ತಿದ್ದರು. ನೋವಿರುವ ಕಡೆ ಕಾದ ಕಬ್ಬಿಣದಿಂದ ಬರೆ ಹಾಕುವ ಕ್ರೂರ ಕ್ರಮವೂ ಇತ್ತು. ಶಾಖ, ತೈಲ, ವಿಶ್ರಾಂತಿಗಳಿಂದ ಸ್ವಲ್ಪ ಹೊತ್ತು ಹಾಯೆನಿಸುತ್ತಿದ್ದುದು ನಿಜ. ಆದರೆ ಕೀಲನ್ನು ಒಳಗಿಂದ ತಿನ್ನುವ ರೋಗಗಳನ್ನು ತಡೆಯುವ ಶಕ್ತಿ ಅವಕ್ಕಿರಲಿಲ್ಲ.

ಅದೇ ಕಾಲದಲ್ಲಿ ಯುರೋಪಿನಲ್ಲಿ ಬೇರೊಂದು ಗಿಡಮದ್ದು ರಸಾಯನಶಾಲೆ ಸೇರಿತ್ತು. ವಿಲ್ಲೋ ಮರದ ತೊಗಟೆ ಜ್ವರ ಇಳಿಸುತ್ತದೆಂದು ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ 1763ರಲ್ಲಿ ವರದಿ ಮಾಡಿದರು. 1828ರಲ್ಲಿ ಆ ತೊಗಟೆಯಿಂದ ಸ್ಯಾಲಿಸಿನ್ ಬೇರ್ಪಟ್ಟಿತು. 1876ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಮ್ಯಾಕ್ಲಗನ್ ಕೀಲುವಾತದ ಜ್ವರಕ್ಕೆ ಅದನ್ನು ಕೊಟ್ಟು ಗುಣ ಕಂಡರು. 1897ರಲ್ಲಿ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಶುದ್ಧರೂಪದಲ್ಲಿ ತಯಾರಿಸಿದ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲ 1899ರಲ್ಲಿ ಆಸ್ಪಿರಿನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ಹೊಟ್ಟೆ ಉರಿಸುವ ಅದರ ಗುಣ ವೈದ್ಯರಿಗೆ ಬೇಗನೆ ತಿಳಿಯಿತಾದರೂ ಕಾರಣ ತಿಳಿಯಲು ಬಹುಕಾಲ ಹಿಡಿಯಿತು.

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಎರಡು ಬದಲಾವಣೆಗಳು ಜೊತೆಜೊತೆಗೆ ನಡೆದವು. ಭದ್ರಾ ಜಲಾಶಯದ ನಾಲೆಗಳು ಬಂದು ಚನ್ನಗಿರಿ, ಹೊನ್ನಾಳಿ ಕಡೆ ಭತ್ತದ ಬೆಳೆ ಹೆಚ್ಚಿತು. ನಾಟಿ ಹಾಕಲು, ಕಳೆ ಕೀಳಲು ದಿನವಿಡೀ ಕೆಸರಿನಲ್ಲಿ ಬಗ್ಗಿ ನಿಲ್ಲಬೇಕು. ಅಡಿಕೆ ಸುಗ್ಗಿಯಲ್ಲಿ ಕಾಯಿ ಸುಲಿಯಲು ಗಂಟೆಗಟ್ಟಲೆ ಕೂರಬೇಕು. ಇಂಥ ದುಡಿಮೆಯ ಭಾರ ವರ್ಷಗಳು ಕಳೆದಂತೆ ಸೊಂಟ, ಮಂಡಿಗಳ ಮೇಲೆ ಬೀಳುತ್ತದೆ. ಇದರಲ್ಲಿ ಹೆಂಗಸರ ಪಾಲು ದೊಡ್ಡದು. ಇತ್ತ 1965ರಲ್ಲಿ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾಯಿತು. ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಪೇಟೆಗಳಿಗೆ ಔಷಧಿ ಅಂಗಡಿಗಳು ಬಂದವು. ಇಂಗ್ಲೆಂಡಿನಲ್ಲಿ 1969ರಲ್ಲಿ ಬಿಡುಗಡೆಯಾದ ಐಬುಪ್ರೊಫೆನ್, 1970ರ ದಶಕದ ಡೈಕ್ಲೋಫೆನಾಕ್ ಮುಂದೆ ಈ ಅಂಗಡಿಗಳ ದಿನನಿತ್ಯದ ಸರಕಾದವು. ಬ್ರೂಫೆನ್, ವೊವೆರಾನ್ ಎಂಬ ಹೆಸರುಗಳು ಓದುಬರಹ ಬಾರದವರ ಬಾಯಲ್ಲೂ ನಿಂತವು.

ಈ ಗುಳಿಗೆಗಳು ಕೆಲಸ ಮಾಡುವ ಬಗೆಯನ್ನು 1971ರಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ಬಿಡಿಸಿಟ್ಟರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ಉತ್ಪತ್ತಿಯಾಗುತ್ತವೆ. ಕೀಲಿನಲ್ಲಿ ನೋವು, ಬಾವು ತರುವುದು ಅವೇ. ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅವೇ. ಗುಳಿಗೆ ಅವುಗಳ ಉತ್ಪತ್ತಿಯನ್ನು ಎಲ್ಲ ಕಡೆಯೂ ತಗ್ಗಿಸುತ್ತದೆ. ಆದ್ದರಿಂದ ಮಂಡಿನೋವು ಇಳಿಸುವ ಮದ್ದಿನಿಂದಲೇ ಹೊಟ್ಟೆಯಲ್ಲಿ ಹುಣ್ಣಾಗಬಹುದು, ರಕ್ತ ಸೋರಬಹುದು, ಕಿಡ್ನಿ ಸೋಲಬಹುದು, ರಕ್ತದೊತ್ತಡ ಏರಬಹುದು. ಹೊಟ್ಟೆಗೆ ಹಗುರವೆಂದು 1999ರಲ್ಲಿ ಬಂದ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆಂದು ಗೊತ್ತಾಗಿ, 2004ರಲ್ಲಿ ತಯಾರಕರೇ ಅದನ್ನು ಜಗತ್ತಿನಾದ್ಯಂತ ಹಿಂತೆಗೆದರು. ಭಾರತವೂ ಅದನ್ನು ನಿಷೇಧಿಸಿತು.

ನೋವಿನ ಗುಳಿಗೆ ಮನೆಮನೆಗೆ ಹೊಕ್ಕ ಕಾಲವೆಂದರೆ ಚಿಕುನ್‌ಗುನ್ಯಾದ ವರ್ಷಗಳು. 2005ರ ಕೊನೆಯಲ್ಲಿ ದೇಶದಲ್ಲಿ ಮರುಕಳಿಸಿದ ಈ ಜ್ವರಕ್ಕೆ 2006ರಲ್ಲಿ ಕರ್ನಾಟಕ ಹೆಚ್ಚು ತುತ್ತಾದ ರಾಜ್ಯ. ಆ ಒಂದೇ ವರ್ಷ ಇಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ಹಲವರನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಕೂಲಿ ತಪ್ಪಿದರೆ ಊಟ ತಪ್ಪುವ ಮನೆಗಳಲ್ಲಿ ಬೇಗ ಎದ್ದು ಓಡಾಡುವುದೇ ಮುಖ್ಯವಾಯಿತು. ಸಂತೆಗೆ ಬಂದವರು ಸೂಜಿ ಹಾಕಿಸಿಕೊಂಡು ಹೋಗುವುದು, ಅಂಗಡಿಯಲ್ಲಿ ‘ಮೈಕೈ ನೋವಿಗೆ ಒಂದು ಸೆಟ್ ಕೊಡಿ’ ಎಂದು ಕೇಳುವುದು ರೂಢಿಯಾಯಿತು. ಆ ಸೆಟ್ ಎಂದರೆ ಹಾಳೆಗಳಿಂದ ಕತ್ತರಿಸಿ ತೆಗೆದ ಮೂರು ನಾಲ್ಕು ಬಣ್ಣದ ಗುಳಿಗೆಗಳ ಕಾಗದದ ಪೊಟ್ಟಣ. ಒಂದು ನೋವಿನದು, ಒಂದು ಗ್ಯಾಸಿನದು; ಎಷ್ಟೋ ಸಲ ಜೊತೆಗೊಂದು ಪುಟ್ಟ ಸ್ಟೀರಾಯ್ಡ್ ಗುಳಿಗೆ. ಕತ್ತರಿಸಿದ ತುಂಡಿನ ಮೇಲೆ ಔಷಧದ ಹೆಸರಾಗಲಿ ಅವಧಿ ಮುಗಿಯುವ ದಿನವಾಗಲಿ ಉಳಿದಿರುವುದಿಲ್ಲ. ಸ್ಟೀರಾಯ್ಡ್ ಎರಡೇ ದಿನದಲ್ಲಿ ನೋವು ಅಡಗಿಸುವುದರಿಂದ ಸೆಟ್ಟಿನ ಮೇಲೆ ನಂಬಿಕೆ ಬೆಳೆಯುತ್ತದೆ. ಆದರೆ ಸ್ಟೀರಾಯ್ಡ್ ಮತ್ತು ನೋವಿನ ಗುಳಿಗೆ ಕೂಡಿದಾಗ ಹೊಟ್ಟೆಯ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸ್ಟೀರಾಯ್ಡನ್ನು ಬಹುಕಾಲ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ.

ಜಗಳೂರಿನ ಕಥೆಗೆ ಇನ್ನೊಂದು ಎಳೆಯಿದೆ. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಬಹಳ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಬೆನ್ನು ಸೆಟೆಯುತ್ತದೆ, ಕೀಲುಗಳು ಬಿಗಿಯುತ್ತವೆ. ನೋಡುವವರಿಗೆ ಇದು ವಾತದಂತೆಯೇ ಕಾಣುತ್ತದೆ. ಗುಳಿಗೆ ಈ ನೋವನ್ನು ತುಸು ತಗ್ಗಿಸೀತು, ರೋಗವನ್ನು ತಡೆಯದು. ಫ್ಲೋರೈಡ್ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರದ ಮೂಲಕ. ಗುಳಿಗೆಯಿಂದ ಕಿಡ್ನಿ ಕುಂದಿದರೆ ಆ ದಾರಿಯೂ ಕಿರಿದಾಗುತ್ತದೆ. ಇಲ್ಲಿ ಮೊದಲ ಮದ್ದು ಶುದ್ಧ ನೀರು. ತುಂಗಭದ್ರೆಯಿಂದ ನೀರೆತ್ತಿ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಗಾಗಿ ಜಗಳೂರಿನ ಜನ ಹಂಬಲಿಸಿದ್ದರಲ್ಲಿ ಆರೋಗ್ಯದ ಪ್ರಶ್ನೆಯೂ ಅಡಗಿತ್ತು.

ಕಾನೂನು ನಿಧಾನವಾಗಿ ಬಿಗಿಯಾಗುತ್ತ ಬಂದಿದೆ. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಡಿ ರೂಪುಗೊಂಡ ನಿಯಮಗಳ ‘ಎಚ್’ ಅನುಸೂಚಿಯಲ್ಲಿರುವ ಡೈಕ್ಲೋಫೆನಾಕ್‌ನಂಥ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಯಕೃತ್ತಿಗೆ ಹಾನಿಯಾಗುವ ಆತಂಕದಿಂದ 2011ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಎಂಬ ನೋವಿನ ಮದ್ದು ಕೊಡುವುದು ನಿಷೇಧವಾಯಿತು. ಡೈಕ್ಲೋಫೆನಾಕ್ ಪಡೆದು ಸತ್ತ ದನಗಳನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿರುವುದು 2004ರಲ್ಲಿ ಸಾಬೀತಾಯಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ ಕ್ರಮ ಕೈಗೊಂಡಿತು. 2024ರಲ್ಲಿ ನಿಷೇಧಿಸಲಾದ 156 ಸಂಯುಕ್ತ ಔಷಧಗಳಲ್ಲಿ 50 ಮಿಲಿಗ್ರಾಂ ಅಸೆಕ್ಲೋಫೆನಾಕ್ ಮತ್ತು 125 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬೆರೆತ ಗುಳಿಗೆಯೂ ಇತ್ತು.

ಇಷ್ಟು ವರ್ಷಗಳ ಅನುಭವದಿಂದ ಸುರಕ್ಷಿತ ಬಳಕೆಯ ನಿಯಮಗಳು ಗಟ್ಟಿಯಾಗಿವೆ. ಮೊದಲು ನೋವಿನ ಕಾರಣ ಗೊತ್ತಾಗಬೇಕು. ಸವೆದ ಮಂಡಿಗೆ ತೂಕ ಇಳಿಸುವುದು, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಮೊದಲ ಹೆಜ್ಜೆಗಳು. ಬೆಳಗ್ಗೆ ಎದ್ದಾಗ ಬೆರಳುಗಳು ಗಂಟೆಗಟ್ಟಲೆ ಬಿಗಿದು ಊದಿಕೊಂಡರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ಅದಕ್ಕೆ ಮೆಥೋಟ್ರೆಕ್ಸೇಟ್‌ನಂಥ ರೋಗ ತಡೆಯುವ ಔಷಧ ಬೇಕು, ನೋವಿನ ಗುಳಿಗೆಯೊಂದನ್ನೇ ನಂಬಿ ಕೂತರೆ ಕೀಲು ಸೊಟ್ಟಗಾಗುತ್ತದೆ. ಗುಳಿಗೆ ಬೇಕೇ ಆದಾಗ ಕೆಲಸ ಮಾಡುವಷ್ಟು ಕಡಿಮೆ ಪ್ರಮಾಣ, ಸಾಧ್ಯವಾದಷ್ಟು ಕಡಿಮೆ ದಿನ, ಊಟದ ನಂತರ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತೆ ಹೆಸರು ಬೇರೆಯಾದರೂ ಒಂದೇ ಗುಂಪಿಗೆ ಸೇರಿದ ಎರಡು ಗುಳಿಗೆಗಳನ್ನು ಒಟ್ಟಿಗೆ ನುಂಗಬಾರದು. ಹುಣ್ಣಿನ ಹಿನ್ನೆಲೆಯಿದ್ದವರು, 65 ದಾಟಿದವರು, ಹೃದಯಕ್ಕಾಗಿ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹೊಟ್ಟೆ ಕಾಯುವ ಔಷಧ ಜೊತೆಗೆ ಬೇಕೇ ಎಂಬುದನ್ನೂ ವೈದ್ಯರೇ ಹೇಳಬೇಕು. ಹೃದಯ ಅಥವಾ ಕಿಡ್ನಿಯ ಕಾಯಿಲೆಯಿದ್ದವರಿಗೆ ಈ ಗುಂಪಿನ ಗುಳಿಗೆ ಸಾಮಾನ್ಯವಾಗಿ ಸಲ್ಲದು. ಬಿ.ಪಿ. ಗುಳಿಗೆಯ ಜೊತೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಿಗೆ ನೋವಿನ ಗುಳಿಗೆಯಿಂದ ಕಿಡ್ನಿಯ ಅಪಾಯ ಹೆಚ್ಚು. ಬಿಸಿಲಲ್ಲಿ ದುಡಿದು ನೀರಿಲ್ಲದೆ ಬಳಲಿದಾಗ, ವಾಂತಿ ಭೇದಿಯಾದಾಗ ನೋವಿನ ಗುಳಿಗೆ ಕಿಡ್ನಿಯನ್ನು ದಿನಗಳಲ್ಲೇ ಕೆಡಿಸಬಲ್ಲದು. ಡೆಂಗ್ಯೂ ಅನುಮಾನವಿದ್ದಾಗ ರಕ್ತಸ್ರಾವದ ಭಯವಿರುವುದರಿಂದ ಪ್ಯಾರಾಸಿಟಮಾಲ್ ಮಾತ್ರ ಬಳಸಬೇಕು. ಗರ್ಭಿಣಿಯರು, ಅದರಲ್ಲೂ 20 ವಾರ ದಾಟಿದವರು, ನೋವಿನ ಗುಳಿಗೆಯನ್ನು ಸ್ವಂತ ನಿರ್ಧಾರದಿಂದ ಸೇವಿಸಬಾರದು. ಮಲ ಡಾಂಬರಿನಂತೆ ಕಪ್ಪಾದರೆ, ಕಾಲು ಊದಿದರೆ, ಮೂತ್ರ ಕಡಿಮೆಯಾದರೆ, ಎದೆ ನೋವು ಬಂದರೆ ಗುಳಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆದರೆ ಬಹುದಿನದಿಂದ ನುಂಗಿದ ಸ್ಟೀರಾಯ್ಡನ್ನು ತಟ್ಟನೆ ಬಿಡುವುದೂ ಅಪಾಯ. ಅದನ್ನು ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಇಳಿಸಬೇಕು.